ಬಾವಿ ಮುಚ್ಚಿಸಿದವರು

ರಿಟೈರಾದ ಮೇಲೆ ಹೊಸ ಮನೆಗೆ ಹೋಗುವವರು ಮೊದಲು ನೀರು ನೋಡಿ. ಬಾಗಿಲು ಯಾವ ದಿಕ್ಕಿಗಿದೆ ಎಂದು ಆಮೇಲೆ ಕೇಳಿ. ನಾನು ಮೂರನೇ ಕ್ಲಾಸು ಓದಿದವಳು. ನನ್ನ ಮಾತಿಗೆ ಬೆಲೆ ಕೊಡದಿದ್ದರೂ ಸರಿ, ನಮ್ಮ ಯಜಮಾನರಿಗೆ ಆದದ್ದನ್ನು ಕೇಳಿ.

ಅವರ ಹೆಸರು ಜಯದೇವಪ್ಪ. ಗೆಂಡೆಹಳ್ಳಿಯಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಊರೆಲ್ಲ ಮೇಷ್ಟ್ರು ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ನಮಗೆ ಮಕ್ಕಳಿಲ್ಲ. ಬೇಲೂರು ಕಡೆ ರೈಲಿಲ್ಲ ಎನ್ನುವುದೊಂದೇ ಅವರ ಕೊರಗು. ಐವತ್ತೆಂಟನೇ ಇಸವಿಯಲ್ಲಿ ರಿಟೈರಾದಾಗ ಅರಸೀಕೆರೆಯಲ್ಲಿ, ರೈಲಿನ ಸದ್ದು ಕೇಳುವಷ್ಟು ಹತ್ತಿರ, ಒಂದು ಹೆಂಚಿನ ಮನೆ ಕೊಂಡರು. ಕೊಳ್ಳುವ ಮುಂಚೆ ನೋಡಿದ್ದು ಎರಡೇ: ನನ್ನ ಮಂಡಿನೋವಿಗೆ ಮೆಟ್ಟಿಲು ತಗ್ಗಾಗಿದೆಯೇ, ಹಿತ್ತಲ ಬಾವಿಯಲ್ಲಿ ನೀರಿದೆಯೇ. ಕಡು ಬೇಸಿಗೆಯಲ್ಲೇ ಹೋಗಿ ಹಗ್ಗ ಬಿಟ್ಟು ಸೇದಿ ಕುಡಿದರು. "ಸಿಹಿ ಐತೆ ಕಣೇ" ಎಂದರು. ಬುದ್ಧಿ ಇದ್ದವರು ಮನೆ ಕೊಳ್ಳುವುದು ಹೀಗೆ.

ಗೃಹಪ್ರವೇಶಕ್ಕೆ ಕಣಕಟ್ಟೆಯಿಂದ ಅವರ ತಮ್ಮ ದೇವೀರಪ್ಪ ಬಂದ. ಪಂಚಾಂಗದವನೊಬ್ಬನನ್ನೂ ಕರೆತಂದ. ಹಾಲು ಉಕ್ಕುವ ಮೊದಲೇ ಇಬ್ಬರ ಕಣ್ಣೂ ಹಿತ್ತಲಿಗೆ ಬಿತ್ತು.

"ಅಣ್ಣಯ್ಯ, ಬಾವಿ ಆಗ್ನೇಯದಾಗೈತೆ. ಬೆಂಕಿ ಮೂಲೇಲಿ ನೀರಾ? ಯಜಮಾನಂಗೇ ಆಗಲ್ಲ. ಮುಚ್ಚಿಸು."

"ಮುಚ್ಚಿ, ನೀರಿಗೇನ್ಲಾ ಮಾಡ್ಲಿ?"

"ಬೀದಿ ಕೊನೇಲಿ ಸೇದೋ ಬಾವಿ ಐತಲ್ಲ."

"ಹೊರೋರು ಯಾರಪ್ಪ? ನೀನು ದಿನಾ ಕಣಕಟ್ಟೆಯಿಂದ ಬತ್ತೀಯಾ?" ಎಂದೆ ನಾನು.

"ಅತ್ಗೆಮ್ಮ, ನಿಮ್ ತಾಳಿ ಗಟ್ಟಿಯಾಗಿರ್ಲಿ ಅಂತ್ಲೇ ಹೇಳ್ತಿರೋದು. ಬಾವಿ ಮುಚ್ಚೋಗಂಟ ನಾವ್ಯಾರೂ ಎಲೆ ಮುಂದೆ ಕೂರಲ್ಲ."

ಬಂದ ನೆಂಟರೆಲ್ಲ ತಲೆಯಾಡಿಸಿದರು. ಶುಭದ ದಿನ ಜಗಳ ಬೇಡವೆಂದು ಮೇಷ್ಟ್ರು ಒಪ್ಪಿದರು. ಬಾವಿಯ ಮೇಲೆ ಚಪ್ಪಡಿ ಎಳೆಸಿ ಗಾರೆ ಮೆತ್ತಿಸಿದ ಮೇಲೆ ಎಲ್ಲರೂ ಉಂಡರು. ಹೋಳಿಗೆ ಕೇಳಿ ಕೇಳಿ ಹಾಕಿಸಿಕೊಂಡರು. ಸಂಜೆ ಬಸ್ಸಿಗೆ ಹೊರಟುಹೋದರು. ಒಬ್ಬರಾದರೂ ಒಂದು ಬಿಂದಿಗೆ ನೀರು ತಂದಿಡಲಿಲ್ಲ.

ಅಂದಿನಿಂದ ನೀರು ಹೊತ್ತವರು ಮೇಷ್ಟ್ರು. ನಾನು ಬಿಂದಿಗೆ ಮುಟ್ಟಿದರೆ ಕಿತ್ತುಕೊಳ್ಳುವರು. "ನಿನ್ ಮಂಡಿ ನೋಡ್ಕೊ. ನಾನೇನು ಮುದುಕನಾ?"

ಪಕ್ಕದ ಮನೆ ಶಿವಗಂಗಮ್ಮ ನಗುವಳು. "ಮೇಷ್ಟ್ರೇ, ನಮ್ಮನೆಯವ್ರಿಗೂ ಒಂಚೂರು ಪಾಠ ಮಾಡಿ. ಕೈಗೆ ಲೋಟ ಕೊಡಕ್ಕೂ ನನ್ನೇ ಕೂಗ್ತಾರೆ."

ಬೇಸಿಗೆ ಬಂತು. ಬೀದಿ ಬಾವಿಯ ನೀರು ತಳಕ್ಕಿಳಿಯಿತು. ಒಂದು ಬೆಳಿಗ್ಗೆ ಮೇಷ್ಟ್ರು ಬಿಂದಿಗೆಯನ್ನು ಜಗಲಿಯ ಮೇಲಿಟ್ಟು ಪಕ್ಕದಲ್ಲೇ ಕುಳಿತರು. "ಎದೆ ಹಿಡಿದಂಗಾಗ್ತೈತೆ ಕಣೇ" ಎಂದರು. ಲೋಟ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಬಿಂದಿಗೆಯಿಂದ ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಮಣ್ಣು ಮಾಡಿ ಬಂದ ದೇವೀರಪ್ಪ ಒಳಗೆ ಕಾಲಿಡಲಿಲ್ಲ. ಜಗಲಿಯಲ್ಲೇ ನಿಂತ.

"ಅಣ್ಣಯ್ಯ ಹೋದ ನಕ್ಷತ್ರ ಕೆಟ್ಟದ್ದು ಅತ್ಗೆಮ್ಮ. ಆರು ತಿಂಗ್ಳು ಮನೆಗೆ ಬೀಗ ಹಾಕ್ಬೇಕು. ಈ ಮನೇನೇ ಅಣ್ಣಯ್ಯನ್ನ ತಿಂತು. ಮಾರ್ಬಿಡಾನ. ನೀವು ನಮ್ ಜೊತೆ ಬಂದ್ಬಿಡಿ."

"ಬಾವಿ ಮುಚ್ಚಿದ್ರೆ ಯಜಮಾನ ಉಳೀತಾನೆ ಅಂದೋನು ನೀನೇ ತಾನೇ?"

"ವಿಧಿ, ಏನ್ ಮಾಡಾಕಾಯ್ತದೆ."

ವಿಧಿಯಂತೆ! ಬಿಂದಿಗೆ ಹೊರಿಸಿದವರು ಇವರು. ಮನೆ ತಿಂದಿತಂತೆ, ನಕ್ಷತ್ರ ತಿಂದಿತಂತೆ. ಇವರು ಮಾತ್ರ ಬರೀ ಹೋಳಿಗೆ ತಿಂದವರು.

ನಾನು ಬೀಗ ಹಾಕಲಿಲ್ಲ. ತಿಥಿ ಮುಗಿದದ್ದೇ ಕಲ್ಲುಕೆಲಸದ ಜವರಯ್ಯನನ್ನು ಕರೆಸಿದೆ. ಹಾರೆ ಹಿಡಿದು ಅನುಮಾನಿಸಿದ. "ದೋಸದ ಬಾವಿ ಅಂತಾರಲ್ಲವ್ವ?"

"ದೋಷ ನನಗಿರಲಿ. ನೀನು ಎತ್ತು."

ಎತ್ತಿದ. ನೀರು ಅವತ್ತು ಮೇಷ್ಟ್ರು ನೋಡಿದಾಗ ಇದ್ದಷ್ಟೇ ಇತ್ತು. ಕಸ ತೆಗೆಸಿ, ಸುಣ್ಣ ಹಾಕಿಸಿ, ರಾಟೆ ಕಟ್ಟಿಸಿದೆ. ವಯಸ್ಸಾದವರ ಮನೆಗೆ ರಾಟೆ ಬೇಕು. ಬಗ್ಗದೆ ಸೇದಬಹುದು.

ಬೇಸಿಗೆ ಇನ್ನೂ ಮುಗಿದಿರಲಿಲ್ಲ, ದೇವೀರಪ್ಪ ಮನೆ ಕೊಳ್ಳುವವನೊಬ್ಬನನ್ನು ಕರೆದುಕೊಂಡು ಬಂದ. ಬಿಸಿಲಲ್ಲಿ ನಡೆದು ದೇವೀರಪ್ಪನ ಗಂಟಲು ಒಣಗಿತ್ತು. ಲೋಟ ಕೊಟ್ಟೆ. ಯಾವ ಬಾವಿಯದೆಂದು ಕೇಳಲಿಲ್ಲ. ಗಟಗಟ ಕುಡಿದ.

"ಏನ್ ಸಿಹಿ ನೀರು! ಇನ್ನೊಂದ್ ಲೋಟ ಕೊಡಿ ಅತ್ಗೆಮ್ಮ."

ಕೊಟ್ಟೆ. ಮನೆ ಕೊಡಲಿಲ್ಲ.