ಮಂಗಳೂರಿಗೆ ಒಂದು ಚೊಂಬು ನೀರು

ಬ್ಯಾಡಗಿಯಿಂದ ಮಂಗಳೂರಿಗೆ ಮೆಣಸಿನಕಾಯಿ ಕಳಿಸುವುದು ನಮ್ಮ ಮನೆಯ ಕಸುಬು. ನೀರು ಒಯ್ದವರು ಯಾರೂ ಇರಲಿಲ್ಲ. ಆ ಹುಚ್ಚು ಕೆಲಸ ನನ್ನ ಕೊರಳಿಗೆ ಬಿತ್ತು. ರಾಜ್ಯ ಒಂದಾಗಿ ಒಂದೆರಡು ವರ್ಷ ಕಳೆದಿತ್ತು. ಭಾದ್ರಪದದ ಒಂದು ಬೆಳಿಗ್ಗೆ, ಬಾಯಿಗೆ ಬಿಳಿ ಅರಿವೆ ಬಿಗಿದ ತಾಮ್ರದ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಕಡೆಯ ಬಸ್ಸಿನಲ್ಲಿ ಕುಳಿತೆ. ಕೂರುವಾಗಲೇ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೂ ಎನ್ನಬೇಕು. ವೈಶಾಖದಲ್ಲಿ ನಮ್ಮಣ್ಣ ಈರಣ್ಣ ಹಿತ್ತಲಲ್ಲಿ ಬಾವಿ ತೋಡಿಸಿದ. ಆಳುಗಳ ಜೊತೆ ತಾನೂ ಇಳಿಯುತ್ತಿದ್ದ. ಬೇಡವೆಂದರೆ ಕೇಳುವ ಜನ್ಮವಲ್ಲ ಅದು. ಕಡೆಗೊಂದು ದಿನ ತಳದಲ್ಲಿ ಒರತೆ ಸಿಕ್ಕಿತು. ಮೊದಲ ಚೊಂಬು ನೀರನ್ನು ಹಗ್ಗಕ್ಕೆ ಕಟ್ಟಿ, "ಅವ್ವನ ಕೈಯಾಗ ಕೊಡ್ರಿ" ಎಂದು ಕೆಳಗಿನಿಂದ ಕೂಗಿದ. ಚೊಂಬು ಮೇಲೆ ಬಂತು. ಅದು ಅವ್ವನ ಕೈ ಸೇರುವಷ್ಟರಲ್ಲಿ ಬದಿಯ ಬಂಡೆ ಸಡಿಲಿ ಕೆಳಗೆ ಹೋಯಿತು.

ಆ ಮೊದಲ ಚೊಂಬಿಗೆ ಅರಿವೆ ಬಿಗಿದು ಎತ್ತಿಟ್ಟ ಅವ್ವ, ಅಂದಿನಿಂದ ಆ ಬಾವಿಯ ನೀರು ಬಾಯಿಗೆ ಹಾಕಲಿಲ್ಲ. ನಾವೆಲ್ಲ ಕುಡಿದೆವು, ಕುಡಿಯದೆ ಎಲ್ಲಿಗೆ ಹೋಗುವುದು? ಅವಳು ಮಾತ್ರ ತನ್ನೊಬ್ಬಳಿಗೆಂದು ಊರಾಚೆಯ ಕೆರೆಯಿಂದ ಬಿಂದಿಗೆ ಹೊತ್ತು ತರುತ್ತಿದ್ದಳು. ಮಾತೂ ನಿಂತುಹೋಯಿತು. ಮನೆಯಲ್ಲಿ ತಪ್ಪು ಮಾಡಿದವರಿಗೆ ಬೈಯುವುದೂ ನಿಂತಿತು, ಅದಕ್ಕೇ ನನಗೆ ಹೆಚ್ಚು ಹೆದರಿಕೆ. ಜೀವ ತೆಗೆದುಕೊಂಡ ನೀರನ್ನು ಸಮುದ್ರಕ್ಕೆ ಬಿಟ್ಟರೆ ಗಂಗವ್ವ ತಣ್ಣಗಾಗುತ್ತಾಳೆಂದು ಯಾವ ಪುಣ್ಯಾತ್ಮ ಹೇಳಿದನೋ ಗೊತ್ತಿಲ್ಲ, ಅವ್ವ ಅದನ್ನೇ ಹಿಡಿದುಕೊಂಡಳು. "ಆ ಚೊಂಬು ಸಮುದ್ರಕ್ಕ ಮುಟ್ಟಲಿ. ಆಮ್ಯಾಲ ಕುಡೀತೀನಿ" ಎಂದಳು. ಅಷ್ಟೇ ಮಾತು. ನನಗೆ ಇಂಥದರಲ್ಲಿ ನಂಬಿಕೆಯಿಲ್ಲ. ಆದರೂ ಹೊರಟೆ.

ಕಂಡಕ್ಟರನಿಗೆ ಚೊಂಬು ಕಂಡ ಕೂಡಲೇ ಅಧಿಕಾರ ನೆನಪಾಯಿತು. ಮೇಲೆ ಲಗೇಜಿಗೆ ಹಾಕು ಎಂದ. ನಿನ್ನನ್ನೇ ಮೇಲೆ ಹಾಕುತ್ತೇನೆ ಎಂದೆ. ಆಮೇಲೆ ಅವನು ನನ್ನ ತಂಟೆಗೆ ಬರಲಿಲ್ಲ. ಶಿವಮೊಗ್ಗದಲ್ಲಿ ರಾತ್ರಿ ಕಳೆದು, ಮರುದಿನ ತೀರ್ಥಹಳ್ಳಿ ದಾಟಿ ಆಗುಂಬೆಗೆ ಬಂದರೆ ದಾರಿ ಎಲ್ಲಿದೆಯೆಂದೇ ಕಾಣದಷ್ಟು ಮಳೆ. ಘಾಟಿಯ ತಿರುವುಗಳಲ್ಲಿ ಎದುರಿನ ಹೆಂಗಸು ಕಿಟಕಿಯಾಚೆ ವಾಂತಿ ಮಾಡಿಕೊಳ್ಳುತ್ತಿದ್ದಳು, ಚೊಂಬು ಕುಲುಕದಂತೆ ನಾನು ಎರಡೂ ಕೈಯಲ್ಲಿ ಅಪ್ಪಿ ಕುಳಿತಿದ್ದೆ. ಈಗ ನಾವೆಲ್ಲ ಒಂದೇ ರಾಜ್ಯವೆಂದು ಭಾಷಣ ಬಿಗಿಯುವವರನ್ನು ಒಮ್ಮೆ ಆ ಸೀಟಿನ ಮೇಲೆ ಕೂರಿಸಬೇಕು.

ಘಾಟಿ ಇಳಿದ ಮೇಲೆ ನನ್ನ ಸಿಟ್ಟು ದುಪ್ಪಟ್ಟಾಯಿತು. ಗದ್ದೆಯಲ್ಲಿ ನೀರು, ತೋಡಿನಲ್ಲಿ ನೀರು, ರಸ್ತೆಯ ಮೇಲೆ ನೀರು, ಕಲ್ಲಿನ ಸಂದಿಯಿಂದಲೂ ನೀರು. ಮನೆಮನೆಗೂ ಬಾವಿ, ಅದೂ ಕೈಚಾಚಿದರೆ ಸಿಗುವಷ್ಟು ಮೇಲಕ್ಕೆ ತುಂಬಿಕೊಂಡದ್ದು. ಯಾರಿಗೂ ಅದರ ಪರಿವೆಯೇ ಇಲ್ಲ. ಒಬ್ಬ ಗಂಡಸು ಹೊಳೆಗೆ ಎಲೆಯಡಿಕೆ ಉಗುಳುತ್ತ ಬೀದಿಯಲ್ಲಿ ನಿಂತವನೊಂದಿಗೆ ಹರಟೆ ಹೊಡೆಯುತ್ತಿದ್ದ. ಇಳಿದು ಹೋಗಿ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ನಮ್ಮಣ್ಣ ಅಂಗೈಯಗಲದ ಒರತೆಗಾಗಿ ಸತ್ತ. ಇಲ್ಲಿ ಅದು ಚರಂಡಿಯಲ್ಲಿ ಹರಿದು ಹೋಗುತ್ತಿದೆ. ಇದೆಂಥ ನ್ಯಾಯ ಎಂದು ದೇವರನ್ನು ಕೇಳಿದೆ, ಅವನು ಮಳೆ ಇನ್ನಷ್ಟು ಜೋರು ಮಾಡಿದ.

ಮಂಗಳೂರಿನ ಹಂಪನಕಟ್ಟೆಯಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಬಂದರಿನ ಬೀದಿಗೆ ನಡೆದೇ ಹೋದೆ. ಒಣಮೀನು, ಬೆಲ್ಲ, ನಮ್ಮದೇ ಮೆಣಸಿನಕಾಯಿ, ಎಲ್ಲದರ ಘಾಟು ಸೇರಿ ಮೂಗು ಕಿತ್ತುಬರುವಂತಿತ್ತು. ಅಲ್ಲಿಯ ಮೊಯ್ದಿನಬ್ಬ ನಮ್ಮಣ್ಣನ ಗಿರಾಕಿ, ಗೆಳೆಯ ಕೂಡ. ಅಂಗಡಿಯ ಹಿಂದೆಯೇ ಮನೆ. ನನ್ನನ್ನು ಕಂಡವನೇ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ.

"ಬನ್ನಿ ಬನ್ನಿ ಮಾರಾಯ್ರೆ. ಈರಣ್ಣ ಹೋದದ್ದು ಕೇಳಿದ ದಿವಸ ನನಗೆ ಅನ್ನ ಸೇರಲಿಲ್ಲ. ಎಂತ ಮನುಷ್ಯ ಅವರು!" ಎಂದು ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ಬಂದದ್ದು ನೋಡಿ ನನಗೆ ತಡೆಯಲಾಗಲಿಲ್ಲ, ಕೈ ಬಿಡಿಸಿಕೊಂಡೆ. ಅವನು ಮಾತು ತಿರುಗಿಸಲು ನೋಡಿದ. "ಚೊಂಬಿನಲ್ಲಿ ಎಂತ ಉಂಟು?"

"ನೀರು."

"ಮಂಗಳೂರಿಗೆ ನೀರಾ?" ಎಂದು ನಕ್ಕ. ನಗುವ ಮಾತೇ ಹೌದು. ಆದರೆ ನನಗೆ ವಿವರಿಸುವ ಮನಸ್ಸಾಗಲಿಲ್ಲ. ಹೇಳಿದ್ದರೆ ನಾನೂ ಅವನೂ ಅಂಗಡಿಯ ಮುಂದೆ ನಿಂತು ಅಳಬೇಕಾಗುತ್ತಿತ್ತು. ಅಂಗಡಿಯ ಅಟ್ಟದಲ್ಲಿ ನನಗೆ ಹಾಸಿಗೆ ಹಾಸಿಸಿದ. ಅಲ್ಲಿ ಸೋರುತ್ತಿತ್ತು, ಆದ್ದರಿಂದ ಚೊಂಬನ್ನು ಮನೆಯ ಜಗಲಿಯ ಮೂಲೆಯಲ್ಲಿಟ್ಟೆ.

ಬೆಳಿಗ್ಗೆ ಮೂಡಣ ಬೀದಿಯ ಹೋಟೆಲಿಗೆ ಹೋಗಿ ರೊಟ್ಟಿ ಇದೆಯೇ ಎಂದು ಕೇಳಿದೆ. "ರೊಟ್ಟಿ ಇಲ್ಲ, ಗೋಳಿಬಜೆ ಉಂಟು" ಎಂದ ಮಾಣಿ. ಬೆಳಗಾದರೆ ಎಣ್ಣೆಯಲ್ಲಿ ಕರಿದದ್ದು ತಿನ್ನುವ ಜನ! ಆದರೂ ಎರಡು ತಟ್ಟೆ ತಿಂದೆ. ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು. ಮಳೆ ಬಿಟ್ಟಿತ್ತು. ಇನ್ನು ದೋಣಿ ಹಿಡಿದು ಹೊಳೆ ದಾಟಿ ಬೆಂಗ್ರೆಯ ಮರಳಿನಾಚೆ ಸಮುದ್ರಕ್ಕೆ ನೀರು ಬಿಟ್ಟು, ಸಂಜೆಯ ಬಸ್ಸಿಗೆ ಊರಿನ ದಾರಿ ಹಿಡಿಯುವುದೆಂದು ಚೊಂಬು ತರಲು ಬಂದೆ.

ಜಗಲಿಯ ಮೇಲೆ ಚೊಂಬು ಬಂಗಾರದಂತೆ ಹೊಳೆಯುತ್ತಿತ್ತು.

ಮೊಯ್ದಿನಬ್ಬನ ತಾಯಿ ಬೀಪಾತುಮ್ಮ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಬಿಳಿ ಬಟ್ಟೆ, ಕೈಗೆ ಇನ್ನೂ ಬೂದಿ ಮೆತ್ತಿಕೊಂಡಿತ್ತು. "ಬಾ ಮಗ" ಎಂದಳು. "ಆ ನೀರು ವಾಸನೆ ಬರ್ತಾ ಇತ್ತು. ದಾರಿಗೆ ಅಂತ ತಂದದ್ದಾ? ಹಳೆ ನೀರು ಕುಡಿದ್ರೆ ಹೊಟ್ಟೆ ಕೆಡ್ತದೆ. ಚೆಲ್ಲಿ, ಹುಳಿ ಹಾಕಿ ತಿಕ್ಕಿ, ನಮ್ಮ ಬಾವಿಯದ್ದು ತುಂಬಿಸಿ ಇಟ್ಟಿದ್ದೇನೆ. ಅರಿವೆ ಕೂಡ ಒಗೆದು ಕಟ್ಟಿದ್ದೇನೆ."

ಇದು ಅವರ ಕಡೆಯ ಪದ್ಧತಿ. ನಿನ್ನೆಯ ನೀರನ್ನು ಇವತ್ತಿಗೆ ಇಡುವುದಿಲ್ಲ. ದಿನಾ ಬೆಳಿಗ್ಗೆ ಕೊಡಪಾನಗಳೆಲ್ಲ ಬರಿದಾಗಿ, ತಿಕ್ಕಿಸಿಕೊಂಡು, ಹೊಸ ನೀರು ತುಂಬಿಕೊಳ್ಳಬೇಕು. ನಮ್ಮಲ್ಲಿ ಹಂಡೆಯ ತಳದ ನೀರನ್ನು ಬಸಿದು ಬಳಸುತ್ತೇವೆ. ಇದೆಲ್ಲ ಈಗ ಹೇಳುವ ಮಾತು. ಆಗ ನನಗೆ ತಲೆಯೇ ಕೆಟ್ಟುಹೋಯಿತು.

"ಎಲ್ಲಿ ಚೆಲ್ಲಿದಿರಿ?" ಎಂದು ಅರಚಿದೆ. ಅವಳು ತೆಂಗಿನ ಮರದ ಬುಡ ತೋರಿಸಿದಳು. ಓಡಿಹೋಗಿ ನೋಡಿದೆ. ರಾತ್ರಿಯೆಲ್ಲ ಮಳೆ ಬಿದ್ದ ನೆಲ, ಎಲ್ಲ ಒದ್ದೆಯೇ. ಯಾವ ಒದ್ದೆ ನಮ್ಮಣ್ಣನದು? ಮರದ ಬುಡವನ್ನು ಕಾಲೆತ್ತಿ ಒದ್ದೆ. ತಿರುಗಿ ಬಂದು ಬಾಯಿಗೆ ಬಂದಂತೆ ಬೈದೆ. ನಿಮ್ಮ ನೀರಿಗೆ ಬೆಂಕಿ ಬೀಳಲಿ ಎಂದೆ. ನಿಮ್ಮ ಊರೇ ಮುಳುಗಿ ಹೋಗಲಿ ಎಂದೆ. ಬಾವಿ, ಬಂಡೆ, ಅಣ್ಣ, ಅವ್ವನ ಹಟ, ಅಷ್ಟೂ ಬೈಗುಳದ ನಡುವೆಯೇ ಹೊರಬಂತು. ಮೊಯ್ದಿನಬ್ಬ ಅಂಗಡಿಯಿಂದ ಓಡಿ ಬಂದವನು ಕೇಳುತ್ತ ಕೇಳುತ್ತ ಜಗಲಿಯ ಮೇಲೆ ಕುಸಿದು ಕುಳಿತ. "ನೀರು ಅಂತ ಮಾತ್ರ ಹೇಳಿದ್ರಲ್ಲ ಮಾರಾಯ್ರೆ" ಎಂದ. ಅದಕ್ಕೂ ಬೈದೆ.

ಬೀಪಾತುಮ್ಮ ಒಳಗೆ ಹೋಗಿ, ಬಾಯಿಗೆ ಮೇಣ ಬಡಿದ ಚಿಕ್ಕ ಗಾಜಿನ ಬಾಟಲಿಯೊಂದನ್ನು ತಂದು ನನ್ನ ಮುಂದೆ ಹಿಡಿದಳು.

"ಇದು ಝಂಝಂ ನೀರು ಮಗ. ಮೆಕ್ಕದ ಬಾವಿಯದ್ದು. ಇವನ ಅಪ್ಪ ಹಜ್ಜಿಗೆ ಹೋದಾಗ ತಂದದ್ದು. ಅವರು ತೀರಿಹೋಗುವಾಗ ಅವರ ಬಾಯಿಗೆ ಬಿಟ್ಟೆ. ಉಳಿದದ್ದು ನನ್ನ ಬಾಯಿಗೆ ಅಂತ ಇಟ್ಟದ್ದು. ನಿನ್ನದನ್ನು ನಾನು ಚೆಲ್ಲಿದೆ. ನನ್ನದನ್ನು ನೀನು ಚೆಲ್ಲು."

"ಉಮ್ಮಾ!" ಎಂದು ಮೊಯ್ದಿನಬ್ಬ ಎದ್ದ. ಅವಳು ಕೈಯಾಡಿಸಿ ಅವನನ್ನು ಕೂರಿಸಿದಳು. ನಾನಾದರೂ ಬೇಡ ಎನ್ನಬೇಕಿತ್ತೋ ಏನೋ. ಸಿಟ್ಟಿನಲ್ಲಿದ್ದೆ. ಬಾಟಲಿ ಕಸಿದುಕೊಂಡು, ಚೊಂಬಿನ ನೀರನ್ನು ಅಂಗಳಕ್ಕೆ ಸುರಿದು, ದಡದ ಕಡೆ ಹೊರಟೇಬಿಟ್ಟೆ.

ದೋಣಿಯಲ್ಲಿ ಮೀನಿನ ಬುಟ್ಟಿಯ ಹೆಂಗಸರು ತುಳುವಿನಲ್ಲಿ ಗಲಗಲ ಮಾತಾಡುತ್ತಿದ್ದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಬೆಂಗ್ರೆಯಲ್ಲಿ ಇಳಿದು, ಮರಳು ತುಳಿದು ಆಚೆ ಹೋದರೆ ಸಮುದ್ರ. ನಾನು ಅದನ್ನು ನೋಡಿದ್ದು ಅದೇ ಮೊದಲು. ಅಣ್ಣ ಬಂದಾಗಲೆಲ್ಲ ನೋಡಿ ಬಂದು ಕೈಯಗಲಿಸಿ ಹೇಳುತ್ತಿದ್ದ, ಅದನ್ನು ನಾನು ಬಡಾಯಿ ಎಂದುಕೊಂಡಿದ್ದೆ. ಬಡಾಯಿಯಲ್ಲ. ಕಾಲಿನ ಅಡಿಯ ನೆಲವೇ ಗುಡುಗುಡು ಅನ್ನುತ್ತಿತ್ತು. ಇಷ್ಟು ನೀರಿಟ್ಟುಕೊಂಡು ನಮಗೊಂದು ಒರತೆ ಕೊಡಲು ಜೀವ ಕೇಳಿದೆಯಲ್ಲೇ ಎಂದು ಕೂಗಿದೆ. ಅಲೆಯ ಸದ್ದಿಗೆ ನನ್ನ ದನಿ ನನಗೇ ಕೇಳಿಸಲಿಲ್ಲ.

ಬಾಟಲಿಯ ಮೇಣಕ್ಕೆ ಉಗುರು ಹಾಕಿದೆ. ಒಬ್ಬ ಮುದುಕಿಯ ಕೊನೆಯ ಗುಟುಕು ಅದು. ಉಗುರು ತೆಗೆದೆ. ಇನ್ನೊಮ್ಮೆ ಹಾಕಿದೆ. ಇದನ್ನು ಚೆಲ್ಲಿದರೆ ಅಣ್ಣನದು ಬರುತ್ತದೆಯೇ? ಚೆಲ್ಲದಿದ್ದರೆ ಅವ್ವನಿಗೆ ಏನು ಹೇಳಲಿ? ಯಾವ ಮುಖ ಹೊತ್ತು ಹೋಗಲಿ? ಮರಳಿನ ಮೇಲೆ ಕುಳಿತು ಗೊಳೋ ಎಂದು ಅತ್ತೆ. ಅಣ್ಣ ಸತ್ತ ಮೇಲೆ ಅತ್ತದ್ದು ಅದೇ ಮೊದಲು.

ಮರಳಿ ಬಂದು ಬಾಟಲಿ ನೀಡಿದರೆ ಬೀಪಾತುಮ್ಮ ಕೈ ಹಿಂದೆ ಕಟ್ಟಿಕೊಂಡಳು. "ಕೊಟ್ಟದ್ದು ಕೊಟ್ಟೆ. ನೀನು ಚೆಲ್ಲದಿದ್ರೆ ನಿನ್ನ ತಾಯಿಗೆ ಕೊಡು. ನಾನು ಮುಟ್ಟುವುದಿಲ್ಲ" ಎಂದು ಬಾಗಿಲು ಹಾಕಿಕೊಂಡಳು. ಬಾಗಿಲ ಹೊರಗೆ ನಿಂತು ಮೊಯ್ದಿನಬ್ಬ, "ಉಮ್ಮ ಒಮ್ಮೆ ಹೇಳಿದ್ರೆ ಮುಗೀತು" ಎಂದ. ನನ್ನನ್ನು ಬಸ್ಸು ಹತ್ತಿಸುವವರೆಗೂ ಜೊತೆಗೇ ಬಂದ.

ಬರುವಾಗಿನ ದಾರಿ ನನಗೆ ನೆನಪಿಲ್ಲ. ಮನೆ ತಲುಪಿದಾಗ ಅವ್ವ ಹಿತ್ತಲ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಬರಿಯ ಚೊಂಬನ್ನೂ ಬಾಟಲಿಯನ್ನೂ ಅವಳ ಮುಂದಿಟ್ಟು, ನಡೆದದ್ದನ್ನು ನಡೆದಂತೆ ಹೇಳಿದೆ. ಅವ್ವ ಇನ್ನು ಸಾಯುವವರೆಗೂ ಆ ಬಾವಿ ಮುಟ್ಟುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅವಳು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಇದು ಅಕಿ ತನ್ನ ಬಾಯಿಗಂತ ಇಟ್ಟಗೊಂಡದ್ದಾ?"

"ಹೂಂ."

"ಥೂ ನಿನ್ನ, ಕೋಣ! ಸಾಯೂ ಹೊತ್ತಿಗಂತ ಇಟ್ಟ ನೀರು ಕಸಗೊಂಡು ಬಂದೀಯಲ್ಲೊ!"

"ಅಕಿನೇ ಕೊಟ್ಟಳವ್ವಾ."

"ಕೊಟ್ರ ತರ್ತಾರೇನೊ? ನಿನಗ ಎದಿಯಾಗ ಕಲ್ಲು ಐತೇನು?"

"ಅಣ್ಣನ ನೀರು ಚೆಲ್ಲಿದಳಲ್ಲವ್ವಾ!"

"ಚೆಲ್ಲಿದ್ರ ಚೆಲ್ಲಿದಳು. ಪಾಪ, ಅಕಿಗೇನು ಗೊತ್ತು? ಬಾವಿ ಬತ್ತಿ ಹೋಗೇತೇನು? ಒಂದು ಚೊಂಬು ನೀರಿಗಂತ ತೋಡಿದ್ನೇನೊ ನಿಮ್ಮಣ್ಣ ಅದನ್ನ?"

ಹೀಗೆನ್ನುತ್ತಲೇ ಎದ್ದಳು. ಹಗ್ಗ ಕೊಡ ಎತ್ತಿಕೊಂಡು ಬಾವಿಗೆ ನಡೆದಳು, ಸರಸರ ಸೇದಿದಳು, ಚೊಂಬು ತುಂಬಿದಳು. ಕೈ ಒಂದು ಕಡೆ, ಬಾಯಿ ಒಂದು ಕಡೆ. ನಾಳೆಯೇ ಹೋಗಬೇಕು, ಮುದುಕಿಯ ಬಾಟಲಿ ಅವಳ ಕೈಗೇ ಕೊಡಬೇಕು, ಕಾಲಿಗೆ ಬೀಳಬೇಕು, ಚೊಂಬನ್ನು ಕಣ್ಣು ಬಿಟ್ಟುಕೊಂಡು ಕಾಯಬೇಕು, ಹಡೆದವಳಂಥವಳಿಗೆ ಬೈದ ನಾಲಿಗೆಗೆ ಬರೆ ಹಾಕಬೇಕು. ಮನೆಯವರೆಲ್ಲ ಹಿತ್ತಲ ಬಾಗಿಲಿಗೆ ಬಂದು ನಿಂತರು. ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ; ಬೈದು ಬೈದು ಗಂಟಲೊಣಗಿ ಅವಳಿಗೆ ಕೆಮ್ಮು ಹತ್ತಿತು. ಕೊಡವನ್ನು ವಾಲಿಸಿ, ಬೊಗಸೆ ಹಿಡಿದು ಗಟಗಟ ಕುಡಿದಳು.

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದಲೇ ಮತ್ತೆ ಬೈಯಲು ಶುರುಮಾಡಿದಳು.