ಎಲೆ ಅಡಿಕೆ ಬಿಟ್ಟ ಅತ್ತೆ

ಹೋದ ವಾರ ಧರ್ಮಪುರಿಯಿಂದ ಬರುವ ಬಸ್ಸಿನಲ್ಲಿ ಪಕ್ಕದ ಮುದುಕಿ ಸೊಂಟದ ಸಂಚಿ ಬಿಚ್ಚಿದಳು. ಸುಣ್ಣ, ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅತ್ತೆ ನೆನಪಾದರು. ನೆಂಟರೇನಲ್ಲ, ಹಾಗೆ ಕರೆದು ರೂಢಿ.

ತೊಂಬತ್ತರ ದಶಕ. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಅತ್ತೆ ಒಬ್ಬರೇ ಇದ್ದರು. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಆದರೂ ಸಂಜೆ ಮಗ್ಗದ ಸದ್ದು ನಿಂತರೆ ಸಾಕು, ಅವರ ಜಗಲಿ ತುಂಬಿಹೋಗುತ್ತಿತ್ತು. ಬೀದಿಯ ಹೆಂಗಸರಿಗೆಲ್ಲ ಅತ್ತೆಯ ಸಂಚಿಯದೇ ಎಲೆ, ಅಡಿಕೆ, ಹೊಗೆಸೊಪ್ಪು. ನಗು, ಜಗಳ, ಯಾರದೋ ಮನೆಯ ಸುದ್ದಿ...

ಬೀದಿಗೆ ಬರುವ ನರ್ಸಮ್ಮ ಮೊದಲೆಲ್ಲ ಜ್ವರ ಇದೆಯಾ, ಭೇದಿ ಇದೆಯಾ ಎಂದಷ್ಟೇ ಕೇಳುತ್ತಿದ್ದರು. ಆಮೇಲೆ ಏನು ತಿನ್ನುತ್ತೀರಿ, ಏನು ಅಗಿಯುತ್ತೀರಿ, ಉಪ್ಪು ಎಷ್ಟು ಎಂದೆಲ್ಲ ಶುರುವಾಯಿತು. ರೋಗದ ಮೂಲ ಹುಡುಕಲು ನಾವು ಬದುಕುವ ರೀತಿಯನ್ನೇ ನೋಡಬೇಕಂತೆ.

"ಕೆಟ್ಟ ಪಳಕ್ಕ ಏನಾದ್ರೂ ಐತಾ ಅಕ್ಕಾ?"

"ಅಯ್ಯೋ, ನಂಗ್ಯಾವ ಕೆಟ್ಟ ಪಳಕ್ಕನಮ್ಮಾ!" ಎಂದರು ಅತ್ತೆ, ದವಡೆಯಲ್ಲಿ ಹೊಗೆಸೊಪ್ಪು ಒತ್ತಿಕೊಂಡೇ. ಬಂದವರಿಗೆ ಮರ್ಯಾದೆಯಿಂದ ಕೊಡುವ ವಸ್ತು ಕೆಟ್ಟ ಅಭ್ಯಾಸವೆಂದು ಯಾರಿಗೆ ಹೊಳೆಯಬೇಕು? ನರ್ಸಮ್ಮ ಬಾಯಿ ತೆರೆಸಿ ಟಾರ್ಚ್ ಬಿಟ್ಟರು. ಕೆನ್ನೆಯೊಳಗೆ ಬಿಳಿ ಮಚ್ಚೆ. ಬಿಡದಿದ್ದರೆ ಕ್ಯಾನ್ಸರ್ ಆಗಬಹುದು ಎಂದರು.

"ಒಗೆಸೊಪ್ಪು ಬುಟ್ರೆ ನನ್ ಮನೇಗ್ ಯಾರಮ್ಮಾ ಬತ್ತಾರೆ?"

"ನಿಮ್ಮುನ್ನ ನೋಡಕ್ ಬತ್ತಾರೆ ಬುಡಿ."

ಪುಣ್ಯಾತ್ಗಿತ್ತಿ ಅತ್ತೆ, ಹಟ ಹಿಡಿದು ಎಲೆ ಅಡಿಕೆಯನ್ನೇ ಬಿಟ್ಟರು. ಸಂಚಿಯನ್ನೇ ಒಲೆಗೆ ಹಾಕಿದರು. ಮಚ್ಚೆ ನಿಧಾನವಾಗಿ ಮಾಯವಾಯಿತು. ಜಗಲಿಗೆ ಬರುವವರೂ ಕಮ್ಮಿಯಾದರು. ಯಾರಿಗೂ ಅತ್ತೆಯ ಮೇಲೆ ಕೋಪವಿರಲಿಲ್ಲ, ಸುಮ್ಮನೆ ಬಾಯಾಡಿಸಲು ಏನೂ ಇಲ್ಲದೆ ಎಷ್ಟು ಹೊತ್ತು ಕೂರುವುದು? ಹೆಂಗಸರೆಲ್ಲ ಬೀದಿಯ ಕೊನೆಯ ಮನೆಗೆ ಹೋಗತೊಡಗಿದರು. ಅಲ್ಲಿಂದ ನಗು ಕೇಳುತ್ತಿತ್ತು. ಅತ್ತೆ ದೀಪ ಹಚ್ಚಿಟ್ಟು ಬಾಗಿಲಲ್ಲಿ ಒಬ್ಬರೇ ಕೂತಿರುತ್ತಿದ್ದರು.

ನರ್ಸಮ್ಮ ಮತ್ತೆ ಬಂದು ಬಾಯಿ ನೋಡಿ ಹಿಗ್ಗಿದರು. ಅತ್ತೆ, "ಬಾಯಿ ವಾಸಿ ಆಯ್ತಮ್ಮಾ. ಮಾತಾಡಕ್ ಯಾರವ್ರೆ?" ಎಂದರು. ನರ್ಸಮ್ಮ ಅವರ ಕೈ ಸವರಿ ಹೋದರು.

ಅತ್ತೆ ಬಹಳ ವರ್ಷ ಬದುಕಿದರು. ಆ ಬಾಗಿಲಲ್ಲೇ...

ನಿನ್ನೆ ಫೋನ್ ಹಿಡಿದ ಹುಡುಗಿಯೊಬ್ಬಳು ಸಮೀಕ್ಷೆಗೆ ಬಂದಿದ್ದಳು. ದಿನಕ್ಕೆ ಎಷ್ಟು ಜನರೊಂದಿಗೆ ಮಾತಾಡುತ್ತೀರಿ ಎಂದು ತಮಿಳಿನಲ್ಲಿ ಕೇಳಿದಳು. ಒಂಟಿತನವೂ ಈಗ ಕಾಯಿಲೆಯ ಲೆಕ್ಕಕ್ಕೆ ಸೇರಿದೆಯಂತೆ.

"ಇದುನ್ನ ಕೇಳಕ್ಕೆ ಇಷ್ಟ್ ವರ್ಸ ಬೇಕಾಯ್ತಾ?" ಎಂದುಬಿಟ್ಟೆ.

ಅವಳಿಗೆ ಕನ್ನಡ ಬಾರದು. ಮುಂದಿನ ಪ್ರಶ್ನೆಗೆ ಹೋದಳು.