ಹಾವಗೆಪ್ಪ ಮಾಸ್ತರರು ಕೊಟ್ಟ ಭರವಸೆ

ದಾರಿ ತಪ್ಪಿದ ಹುಡುಗರನ್ನು ಬೆತ್ತ ಮುಟ್ಟದೆ ತಿದ್ದಬಹುದೆಂದು ನಂಬಿ, ಹಿಂದಿನ ಹೈದರಾಬಾದ್ ಸಂಸ್ಥಾನದ ಈ ಮೂಲೆಯಲ್ಲಿ ಮೂವತ್ತೈದು ವರ್ಷ ಪಾಠ ಹೇಳಿದವರು ಪೂಜ್ಯ ಹಾವಗೆಪ್ಪ ಮಾಸ್ತರರು. ಔರಾದಿನಲ್ಲಿ ಸೇವೆ ಆರಂಭಿಸಿ, ಭಾಲ್ಕಿಯಲ್ಲಿ ಮುಖ್ಯೋಪಾಧ್ಯಾಯರಾಗಿ ಈ ವರ್ಷ ನಿವೃತ್ತರಾಗುತ್ತಿರುವ ಅವರ ಗೆಲುವುಗಳನ್ನು ಈ ಅಭಿನಂದನ ಸಂಪುಟದಲ್ಲಿ ಬರೆಯುವವರು ಅನೇಕರಿದ್ದಾರೆ. ಅವರ ಶಿಷ್ಯನೂ ಈಗ ಸಹೋದ್ಯೋಗಿಯೂ ಆದ ನಾನು ಅವರ ಸೋಲನ್ನು ಬರೆಯುತ್ತಿದ್ದೇನೆ. ಅದು ಅವರದೇ ಅಪ್ಪಣೆ.

೧೯೪೮ರಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ವಾರ, ಭಾಲ್ಕಿಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ವಿಧವೆ ಹಾಜಿರಾಬೀ ಮುಸ್ಲಿಮರ ಮೇಲಿನ ದಾಳಿಗಳಿಗೆ ಹೆದರಿ ಬೀದರಿನ ಬಂಧುಗಳಲ್ಲಿಗೆ ಓಡಿಹೋದಾಗ, ಅವರ ಮನೆಯ ಬೀಗ ಒಡೆದವರು ನಾವು, ಹತ್ತನೆಯ ತರಗತಿಯ ಆರು ಹುಡುಗರು. ನಾನು ತಾಮ್ರದ ಹಂಡೆ ಹೊತ್ತು ತಂದೆ. ಭಾತಂಬ್ರಾದ ಮಾಣಿಕಪ್ಪ ಹೊಲಿಗೆ ಯಂತ್ರವನ್ನೇ ತಂದ. ಸುದ್ದಿ ತಿಳಿದ ಮಾಸ್ತರರು ಮನೆಮನೆಗೆ ಬಂದು ನಮ್ಮ ತಾಯಂದಿರೆದುರು ನೆಲದ ಮೇಲೆ ಕೂತರು. ಒಂದು ಮಾತೂ ಬೈಯಲಿಲ್ಲ. ಮೂರನೆಯ ದಿನ ನಾವು ಐವರು ಅಳುತ್ತ ಸಾಮಾನನ್ನು ಆ ಮನೆಗೇ ಮರಳಿಸಿದೆವು. ಮಾಣಿಕಪ್ಪ ಅಳಲಿಲ್ಲ, ಆದರೆ ಯಂತ್ರ ಒರೆಸಿ, ಎಣ್ಣೆ ಹಾಕಿ, ತಾನೇ ಹೊತ್ತು ತಂದಿಟ್ಟ. ಅದನ್ನು ಕಂಡು ಮಾಸ್ತರರ ಕಣ್ಣು ತುಂಬಿ ಬಂತು.

ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸಿದರು. ಅವನು ನಗುನಗುತ್ತ ಸುಳ್ಳು ಹೇಳುತ್ತಿದ್ದ, ಸಿಕ್ಕಿಬಿದ್ದರೂ ನಾಚುತ್ತಿರಲಿಲ್ಲ. ಒಮ್ಮೆ ನಾಯಿಮರಿಯ ಕಾಲು ಮುರಿದು, ಅದು ಕುಂಟುವುದನ್ನು ನೋಡುತ್ತ ಕೂತಿದ್ದ.

“ಇವನ ಎದ್ಯಾಗ ಏನೂ ಇಲ್ಲರಿ,” ಎಂದರು ಮಾಸ್ತರರ ಪತ್ನಿ ಕಸ್ತೂರಿಬಾಯಿ.

“ಈಗಿನ ಕಾಲಾನೇ ಕೆಟ್ಟದ. ಹುಡುಗ ಸುಧಾರಸ್ತಾನ,” ಎಂದರು ಮಾಸ್ತರರು.

ಹಾಜಿರಾಬೀ ಊರಿಗೆ ಮರಳಿದಾಗ ಅವರೆದುರು ಅವನನ್ನು ನಿಲ್ಲಿಸಿ, “ನನ್ನ ಮಗಾ ಅಂತ ತಿಳೀರಿ ಅಕ್ಕಾ. ನೀರು ತಂದು ಹಾಕ್ತಾನ,” ಎಂದರು. ನಾಲ್ಕು ವರ್ಷ ಅವನು ನೀರು ಹಾಕಿದ.

೧೯೫೨ರ ಒಂದು ಮಧ್ಯಾಹ್ನ ಅದೇ ಮನೆಯ ಬಾಗಿಲು ತಟ್ಟಿ ಒಳಹೊಕ್ಕು, ಕಿವಿಯ ಬಂಗಾರಕ್ಕಾಗಿ ಆಕೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಹೊಡೆದ. ಆಕೆಯ ಬಲಗಣ್ಣು ಹೋಯಿತು. ಬೀದರಿನ ನ್ಯಾಯಾಲಯದಲ್ಲಿ ಮಾಸ್ತರರು ಅವನ ವಿರುದ್ಧ ಸಾಕ್ಷಿ ಹೇಳಿದರು. ಹೊರಗೆ ಬಂದಾಗ ಅವನನ್ನೇ ಕೇಳಿದರು: “ಯಾಕ ಮಾಡ್ದೆಪ್ಪಾ?”

“ಆಕಿ ಒಬ್ಬಾಕೇ ಇದ್ದಳ್ರಿ,” ಎಂದ ಅವನು, ತರಗತಿಯಲ್ಲಿ ಎದ್ದು ನಿಂತು ಉತ್ತರ ಕೊಡುವಂತೆ.

ಮರುದಿನ ಮಾಸ್ತರರೊಡನೆ ನಾನೂ ಹಾಜಿರಾಬೀಯವರಲ್ಲಿಗೆ ಹೋದೆ. ಮಾಸ್ತರರು ತಲೆಯ ರುಮಾಲು ತೆಗೆದು ಹೊಸ್ತಿಲಾಚೆ ನಿಂತರು.

“ನೀವು ಕೆಟ್ಟವರಲ್ಲರಿ ಮಾಸ್ತರ,” ಎಂದರು ಆಕೆ. “ಖರೇ ಅಂವ ಬಂದಾಗ ನಾ ಬಾಗಲಾ ಯಾಕ ತೆಗದೆ? ನೀವು ಹೇಳಿದ್ರಿ ಅಂತ ತೆಗದೆ. ಇನ್ನ ಬರಬ್ಯಾಡ್ರಿ.”

ಐವರು ತಿದ್ದಿಕೊಂಡೆವು, ಒಬ್ಬ ತಿದ್ದಿಕೊಳ್ಳಲಿಲ್ಲ. ಅದು ಹುಟ್ಟುಗುಣವೋ, ಆ ದಿನಗಳ ಕೇಡೋ ಎಂದು ಕೇಳಿದರೆ ಮಾಸ್ತರರು ಈಗ ರುಮಾಲು ಸುತ್ತಿಕೊಂಡು ಹೊರಟುಬಿಡುತ್ತಾರೆ. ಶಿಕ್ಷೆ ಮುಗಿಸಿ ಬಂದ ಮಾಣಿಕಪ್ಪ ಔರಾದಿನಲ್ಲಿ ಇನ್ನೊಬ್ಬನ ತಲೆ ಒಡೆದು ಮತ್ತೆ ಜೈಲಿನಲ್ಲಿದ್ದಾನೆ. ಮಾಸ್ತರರು ಅಂದಿನಿಂದ ಯಾವ ಹುಡುಗನ ಪರವಾಗಿಯೂ ಮಾತು ಕೊಟ್ಟಿಲ್ಲ.

ಅವರಿಗೆ ನೂರು ವರ್ಷ ಬೇಡಲು ನನ್ನ ಬಾಯಿ ಹಿಂಜರಿಯುತ್ತದೆ. ಬದುಕಿದಷ್ಟು ದಿನವೂ ಅವರು ಹಾಜಿರಾಬೀಯವರ ಓಣಿ ಬಿಟ್ಟು ಸುತ್ತುದಾರಿಯಲ್ಲಿ ನಡೆಯಬೇಕು. ಆದರೂ ಬೇಡುತ್ತೇನೆ, ಬಸವಾದಿ ಶರಣರು ಅವರಿಗೆ ದೀರ್ಘಾಯುಷ್ಯ ಕೊಡಲಿ. ಠಾಣೆಗೆ ಹಿಡಿದು ತಂದ ಹುಡುಗರ ಪಕ್ಕದಲ್ಲಿ ಹೋಗಿ ಕೂರುವವರು ಭಾಲ್ಕಿಯಲ್ಲಿ ಇಂದಿಗೂ ಅವರೊಬ್ಬರೇ.